ಒಂಟಿ ಪದ ಕಲಿಯಬೇಡ ಮಗಳೇ

ಸೋಮವಾರಪೇಟೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಕೆಲಸದ ಅರ್ಜಿಯನ್ನು ನಿಧಾನವಾಗಿ ಕೂತು ಓದಿದೆ. ಕಾಫಿ ರಫ್ತು ಮಾಡುವ ಕಂಪನಿಗೆ ನೀನೇ ಇಂಗ್ಲಿಷಿನಲ್ಲಿ ಬರೆದಿದ್ದೀಯಲ್ಲ, ತುಂಬಾ ಖುಷಿಯಾಯಿತು. ಜೊತೆಗೆ ನೀನು ಬಾಯಿಪಾಠ ಮಾಡುತ್ತಿರುವ ಪದಗಳ ಪಟ್ಟಿಯ ಫೋಟೋನೂ ಕಳಿಸಿದ್ದೀಯ. ನನ್ನ ತಕರಾರು ಇರುವುದು ಆ ಪಟ್ಟಿಯ ಬಗ್ಗೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಟ್ಟಿಯಲ್ಲಿ 'ಯುಬಿಕ್ವಿಟಸ್' ಇದೆ, 'ಮೆಟಿಕ್ಯುಲಸ್' ಇದೆ, 'ಪ್ಯಾರಡೈಮ್' ಇದೆ. ಒಂದೊಂದರ ಎದುರಿಗೂ ಒಂದೊಂದು ಕನ್ನಡ ಅರ್ಥ. ಆದರೆ ನಿನ್ನ ಅರ್ಜಿ ಎಡವಿದ್ದು ಇಂಥ ದೊಡ್ಡ ಪದಗಳಲ್ಲಿ ಅಲ್ಲವೇ ಅಲ್ಲ. ಲೆಕ್ಕದಲ್ಲಿ ತಪ್ಪು ಮಾಡಿಲ್ಲ ಅನ್ನುವುದಕ್ಕೆ 'ಡು' ಹಾಕಿದ್ದೀಯ. ಇಂಗ್ಲಿಷಿನಲ್ಲಿ 'ಮಿಸ್ಟೇಕ್' ಜೊತೆ ಬರುವುದು 'ಮೇಕ್'. ನಮ್ಮ ರೋಬಸ್ಟಾ ಬಗ್ಗೆ ಬರೆಯುವಾಗ 'ಪವರ್‌ಫುಲ್ ಕಾಫಿ' ಅಂದಿದ್ದೀಯ. ಕಾಫಿ, ಟೀ ಎರಡೂ 'ಸ್ಟ್ರಾಂಗ್'. 'ಪವರ್‌ಫುಲ್' ಆಗಿರುವುದು ಎಂಜಿನ್ನು. ಡು, ಮೇಕ್, ಸ್ಟ್ರಾಂಗ್ ಎಲ್ಲವೂ ನಿನಗೆ ಪ್ರೈಮರಿ ಸ್ಕೂಲಿನಿಂದ ಗೊತ್ತಿರುವ ಪದಗಳು. ಅವು ಯಾರ ಜೊತೆ ಓಡಾಡುತ್ತವೆ ಅನ್ನುವುದನ್ನು ಮಾತ್ರ ಯಾರೂ ನಿನಗೆ ತೋರಿಸಿಲ್ಲ.

ಇದು ಇಂಗ್ಲಿಷಿನ ಹುಚ್ಚಾಟ ಅಂದುಕೊಳ್ಳಬೇಡ. ನಮ್ಮಲ್ಲೂ ಹೀಗೇ. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕುಂಕುಮ ಇಡುತ್ತೇವೆ, ಕನ್ನಡಕ ಹಾಕಿಕೊಳ್ಳುತ್ತೇವೆ. 'ಬಳೆ ಮುಡಿದೆ' ಅಂತ ಯಾರಾದರೂ ಅಂದರೆ ಅರ್ಥ ಆಗುತ್ತದೆ, ಆದರೆ ಕಿವಿಗೆ ಚುಚ್ಚುತ್ತದೆ. ಇದನ್ನೆಲ್ಲ ನಿನಗೆ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ಅಮ್ಮ, ಅಜ್ಜಿ, ಪಕ್ಕದ ಮನೆಯವರು ಆಡಿದ್ದು ಕೇಳಿ ಕೇಳಿ ಬಂತು. ಇಂಗ್ಲಿಷಿನವರಿಗೆ ಸೀರೆಗೂ ಬಳೆಗೂ ಹೂವಿಗೂ ಕನ್ನಡಕಕ್ಕೂ ಒಂದೇ 'ವೇರ್' ಸಾಕು. ಮುಖದ ಮೇಲಿನ ನಗುವಿಗೂ ಅವರು ಅದನ್ನೇ ಬಳಸುತ್ತಾರೆ.

ಆದರೆ 'ಮಾಡು' ವಿಷಯದಲ್ಲಿ ಕಥೆ ಉಲ್ಟಾ. ನಮಗೆ ಒಂದು 'ಮಾಡು' ಇದ್ದರೆ ಮನೆಯೂ ನಡೆಯುತ್ತದೆ, ಊರೂ ನಡೆಯುತ್ತದೆ. ಇಂಗ್ಲಿಷಿಗೆ ಹೋದರೆ ಆ ಒಂದು ಪದ ನಾಲ್ಕೈದು ಕಡೆ ಒಡೆದುಹೋಗುತ್ತದೆ. ಹೋಂವರ್ಕಿಗೆ, ವ್ಯಾಪಾರಕ್ಕೆ 'ಡು'. ಲಾಭಕ್ಕೆ, ಗಲಾಟೆಗೆ, ಪ್ರಯತ್ನಕ್ಕೆ, ಫೋನ್ ಕಾಲಿಗೆ 'ಮೇಕ್'. ಸ್ನಾನಕ್ಕೆ 'ಟೇಕ್' ಅಥವಾ 'ಹ್ಯಾವ್'. ಭಾಷಣಕ್ಕೆ 'ಗಿವ್' ಅಥವಾ 'ಮೇಕ್'. ಅಪರಾಧಕ್ಕೆ 'ಕಮಿಟ್'. ನೋಡು, ವ್ಯಾಪಾರ 'ಡು', ಅದರಲ್ಲಿ ಬರುವ ಲಾಭ 'ಮೇಕ್'. ಯಾಕೆ ಹೀಗೆ ಅಂತ ಕೇಳಿದರೆ ಪೂರಾ ಉತ್ತರ ಕೊಡುವ ವ್ಯಾಕರಣದ ನಿಯಮ ಒಂದೂ ಇಲ್ಲ. ಶಾಲೆಯಲ್ಲಿ ಪಾಠ ಮಾಡುವಾಗ ಮಕ್ಕಳು ಇದನ್ನೇ ಕೇಳುತ್ತಿದ್ದರು. 'ಡು' ಅಂದರೆ ಕೆಲಸ ಮಾಡುವುದು, 'ಮೇಕ್' ಅಂದರೆ ತಯಾರಿಸುವುದು ಅಂತ ಹೇಳಬಹುದು. ಆ ವಿವರಣೆ ಸ್ವಲ್ಪ ದೂರ ಬರುತ್ತದೆ, ಆಮೇಲೆ ಕೈಕೊಡುತ್ತದೆ. ಜೋಡಿಯನ್ನೇ ಜೋಡಿಯಾಗಿ ಕಲಿಯಬೇಕು.

ನಮ್ಮ ಕೊಡಗಿನ ಮಳೆಯನ್ನೇ ತೆಗೆದುಕೋ. ಕನ್ನಡದಲ್ಲಿ ಮಳೆ ಸುರಿಯುತ್ತದೆ, ಗಾಳಿ ಬೀಸುತ್ತದೆ, ಮಂಜು ಕವಿಯುತ್ತದೆ, ಸಿಡಿಲು ಬಡಿಯುತ್ತದೆ. ಇಂಗ್ಲಿಷ್ ಪೇಪರಿನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್', ಮಂಜು 'ಥಿಕ್' ಅಥವಾ 'ಡೆನ್ಸ್'. 'ಸ್ಟ್ರಾಂಗ್ ರೇನ್', 'ಹೆವಿ ವಿಂಡ್' ಅನ್ನುವುದು ತೀರಾ ಅಪರೂಪ. 'ಹೆವಿ ರೇನ್' ಅನ್ನುವ ಜೋಡಿ ಎಷ್ಟು ಗಟ್ಟಿ ಅಂದರೆ, ಹವಾಮಾನ ಇಲಾಖೆ ಅದಕ್ಕೆ ಅಳತೆಯನ್ನೇ ಕೊಟ್ಟಿದೆ. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಬಿದ್ದರೆ 'ಹೆವಿ'. ಅದಕ್ಕಿಂತ ಜಾಸ್ತಿಯಾಗಿ 204.4ರವರೆಗೆ 'ವೆರಿ ಹೆವಿ'. ಅದನ್ನೂ ದಾಟಿದರೆ 'ಎಕ್ಸ್ಟ್ರೀಮ್ಲಿ ಹೆವಿ'. ಇಲ್ಲಿ 'ಹೆವಿ' ಬರೀ ವರ್ಣನೆ ಅಲ್ಲ, ಲೆಕ್ಕ. ಅದೇ 'ಹೆವಿ' ಮೈಸೂರಿನ ರಸ್ತೆಗೆ ಬಂದರೆ 'ಹೆವಿ ಟ್ರಾಫಿಕ್', ಬೆಳೆಗಾರನ ಮನೆಗೆ ಬಂದರೆ 'ಹೆವಿ ಲಾಸ್', ಬಿಟ್ಟೂಬಿಡದೆ ಸಿಗರೇಟು ಸೇದುವವನಿಗೆ ಅಂಟಿದರೆ 'ಹೆವಿ ಸ್ಮೋಕರ್'. ಯಾವುದರಲ್ಲೂ ತಕ್ಕಡಿಯ ತೂಕ ಇಲ್ಲ.

2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡಗಳು ಕುಸಿದಾಗ ಬಂದ ಇಂಗ್ಲಿಷ್ ವರದಿಗಳನ್ನು ಒಮ್ಮೆ ಹುಡುಕಿ ಓದು. ಓದಲು ಸಂಕಟ ಆಗುತ್ತದೆ, ಗೊತ್ತು. ಆದರೂ ಓದು, ಅದು ನಮ್ಮದೇ ಸುದ್ದಿ. ಇಂಥ ವರದಿಗಳಲ್ಲಿ ಮಳೆ ಭೂಕುಸಿತವನ್ನು 'ಟ್ರಿಗರ್' ಮಾಡುತ್ತದೆ, ಮನೆಗಳಿಗೆ 'ಡ್ಯಾಮೇಜ್' ಅನ್ನು 'ಕಾಸ್' ಮಾಡುತ್ತದೆ, ಹಳ್ಳಿಗಳು 'ಕಟ್ ಆಫ್' ಆಗುತ್ತವೆ, ಜನ 'ರಿಲೀಫ್ ಕ್ಯಾಂಪ್' ಸೇರುತ್ತಾರೆ. ಈ 'ಕಾಸ್' ಅನ್ನುವ ಸಾಧಾರಣ ಪದವನ್ನು ಗಮನಿಸು. ನಿಘಂಟು ನೋಡಿದರೆ 'ಉಂಟುಮಾಡು' ಅಂತ ಇರುತ್ತದೆ, ಒಳ್ಳೆಯದಕ್ಕೂ ಸಲ್ಲುತ್ತದೆ ಕೆಟ್ಟದ್ದಕ್ಕೂ ಸಲ್ಲುತ್ತದೆ ಅನ್ನಿಸುತ್ತದೆ. ಬಳಕೆಯಲ್ಲಿ ಅದರ ಹಿಂದೆ ಬರುವುದು ತೊಂದರೆ, ನೋವು, ಹಾನಿ, ಸಾವು, ಇಂಥವೇ ಜಾಸ್ತಿ. 'ಪ್ರೊವೈಡ್' ಹಾಗಲ್ಲ. ಅದರ ಜೊತೆ ನೆರವು, ಮಾಹಿತಿ, ಸೌಲಭ್ಯ ಬರುತ್ತವೆ. ನಿನ್ನ ಅರ್ಜಿಯಲ್ಲಿ 'ನನ್ನ ಕೆಲಸ ಕಂಪನಿಗೆ ಬೆಳವಣಿಗೆ ಕಾಸ್ ಮಾಡುತ್ತದೆ' ಅನ್ನುವ ಸಾಲು ಇದೆಯಲ್ಲ, ವ್ಯಾಕರಣದಲ್ಲಿ ತಪ್ಪಿಲ್ಲ. ಆದರೂ ಓದಿದವರಿಗೆ ಏನೋ ಅಪಾಯ ಬರುತ್ತಿದೆ ಅನ್ನಿಸುತ್ತದೆ. 'ಹೆಲ್ಪ್ ದ ಕಂಪನಿ ಗ್ರೋ' ಅಂದರೆ ಸಾಕು.

ಒಂದು ಪದ ಊರು ಬದಲಾಯಿಸಿದರೆ ಜೊತೆಯೂ ಬದಲಾಗುತ್ತದೆ, ಅರ್ಥವೂ ಬದಲಾಗುತ್ತದೆ. ಕೊಡಗಿನಲ್ಲಿ 'ಎಸ್ಟೇಟ್' ಅಂದರೆ ಕಾಫಿ ತೋಟ. ಬೆಂಗಳೂರಿನಲ್ಲಿ ಅದಕ್ಕೆ 'ರಿಯಲ್' ಸೇರಿ ಸೈಟು, ಫ್ಲಾಟು ಆಗುತ್ತದೆ. 'ಶವರ್' ಅಂದರೆ ನಿನ್ನ ಹಾಸ್ಟೆಲಿನಲ್ಲಿ ಸ್ನಾನ. ಇಲ್ಲಿ ಫೆಬ್ರವರಿ, ಮಾರ್ಚ್ ಬಂತು ಅಂದರೆ ತೋಟದವರೆಲ್ಲ ಆಕಾಶ ನೋಡುತ್ತಾ ಕಾಯುವುದು 'ಬ್ಲಾಸಮ್ ಶವರ್' ಅನ್ನು. ಅದು ಬಿದ್ದರೆ ಕಾಫಿ ಹೂ ಬಿಡುತ್ತದೆ. ಆಮೇಲೆ ಕೆಲವು ವಾರ ಬಿಟ್ಟು 'ಬ್ಯಾಕಿಂಗ್ ಶವರ್' ಬರಬೇಕು, ಇಲ್ಲದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. 'ಚೆರ್ರಿ' ಬೇಕರಿಯಲ್ಲಿ ಕೇಕಿನ ಮೇಲೆ ಕೂರುತ್ತದೆ, ನಮ್ಮಲ್ಲಿ ಅದು ಕಾಫಿ ಹಣ್ಣು, ಕಣದಲ್ಲಿ ಒಣಗುತ್ತದೆ. ನೀನು ಸೇರಬೇಕು ಅಂತಿರುವುದು ಕಾಫಿ ಕಂಪನಿ. 'ಪಾರ್ಚ್‌ಮೆಂಟ್' ಅಂದರೆ ಒಳಸಿಪ್ಪೆ ಇರುವ ಕಾಫಿ ಬೀಜ, 'ಶೇಡ್ ಟ್ರೀ' ಅಂದರೆ ನೆರಳಿನ ಮರ, 'ಬೆರ್ರಿ ಬೋರರ್' ಅಂದರೆ ಕಾಯಿ ಕೊರೆಯುವ ಹುಳು, ಇವೆಲ್ಲ ನಿನಗೆ ಚಿಕ್ಕಂದಿನಿಂದ ಬಾಯಲ್ಲಿ ಇವೆ. ಬೇರೆ ಊರಿನ ಅಭ್ಯರ್ಥಿ ಇದನ್ನು ಕಷ್ಟಪಟ್ಟು ಕಲಿಯಬೇಕು. ಇದು ನಿನ್ನ ಆಸ್ತಿ, ಅರ್ಜಿಯಲ್ಲಿ ಬಳಸು.

ಇದನ್ನೆಲ್ಲ ನಾನೇ ಕಂಡುಹಿಡಿದದ್ದಲ್ಲ. ಇಂಗ್ಲಿಷ್ ಪರಭಾಷೆಯವರಿಗೆ ಯಾಕೆ ಕಷ್ಟ ಅಂತ ಯೋಚಿಸಿದ ಹೆರಾಲ್ಡ್ ಪಾಮರ್ ಅನ್ನುವ ಮೇಷ್ಟ್ರು ಜಪಾನಿನಲ್ಲಿ ಇದ್ದುಕೊಂಡು ಇಂಥ ಜೋಡಿಗಳನ್ನು ಕಲೆಹಾಕಿ 1933ರಲ್ಲಿ ವರದಿ ಮಾಡಿದರು. ಜೆ.ಆರ್. ಫರ್ತ್ ಅನ್ನುವವರು 1920ರ ದಶಕದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಆಮೇಲೆ ಲಂಡನ್ನಿನಲ್ಲಿ ಭಾಷಾವಿಜ್ಞಾನದ ಪ್ರಾಧ್ಯಾಪಕರಾದರು. ಒಂದು ಪದ ಏನು ಅಂತ ತಿಳಿಯಬೇಕಾದರೆ ಅದು ಯಾರ ಸಹವಾಸದಲ್ಲಿದೆ ನೋಡು ಅಂತ ಅವರು 1957ರಲ್ಲಿ ಬರೆದರು. ನಮ್ಮ ಹಿರಿಯರು ಮನುಷ್ಯರ ಬಗ್ಗೆ ಹೇಳುತ್ತಿದ್ದ ಮಾತು ಅದು, ಅಲ್ವಾ?

ಆಮೇಲೆ ಕಂಪ್ಯೂಟರ್ ಬಂತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 1961ರಲ್ಲಿ ಅಚ್ಚಾದ ಬರಹಗಳಿಂದ 500 ತುಣುಕು ಆರಿಸಿ, ಸುಮಾರು 10 ಲಕ್ಷ ಪದಗಳ ಸಂಗ್ರಹ ಮಾಡಿದರು. ಪತ್ರಿಕೆ, ಕಥೆ, ಧರ್ಮ, ವಿಜ್ಞಾನ, ಎಲ್ಲ ಬಗೆಯ ಬರಹವೂ ಅದರಲ್ಲಿ ಇತ್ತು. ಎಣಿಸಿದಾಗ 'ದ' ಅನ್ನುವ ಪದ ಒಂದೇ ಸುಮಾರು 70 ಸಾವಿರ ಸಲ ಬಂದಿತ್ತು. 1990ರ ದಶಕದಲ್ಲಿ ಬ್ರಿಟನ್ನಿನವರು 10 ಕೋಟಿ ಪದಗಳ ಸಂಗ್ರಹ ಮಾಡಿದರು, ಅದರಲ್ಲಿ ಹತ್ತನೇ ಒಂದು ಭಾಗ ಜನ ಆಡಿದ ಮಾತು. ನಮ್ಮ ಪಕ್ಕದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ 1978ರ ಭಾರತೀಯ ಬರಹಗಳಿಂದ 10 ಲಕ್ಷ ಪದಗಳ ಇಂಗ್ಲಿಷ್ ಸಂಗ್ರಹ ಸಿದ್ಧವಾಯಿತು. ಇಂಥ ಸಂಗ್ರಹದಲ್ಲಿ ಒಂದು ಪದ ಹುಡುಕಿದರೆ, ಅದು ಬಂದ ಸಾಲುಗಳೆಲ್ಲ ಒಂದರ ಕೆಳಗೆ ಒಂದು ಸಾಲಾಗಿ ನಿಲ್ಲುತ್ತವೆ. ಹುಡುಕಿದ ಪದ ನಡುವೆ, ಜೊತೆಗಾರರು ಎಡಕ್ಕೆ ಬಲಕ್ಕೆ. ಹಾಗೆ ಇಪ್ಪತ್ತು ಸಾಲು ಓದಿದರೆ ನಿಘಂಟು ಹೇಳದ್ದನ್ನು ಕಣ್ಣೇ ಹೇಳುತ್ತದೆ. ಇವತ್ತು ಮೊಬೈಲಿನಲ್ಲೇ ಹುಡುಕಬಹುದಾದ ಸಂಗ್ರಹಗಳಿವೆ, ಒಂದು ಸಂಜೆ ಸುಮ್ನೆ ಕೂತು 'ಟೇಕ್' ಹುಡುಕಿ ನೋಡು.

ನಿನ್ನ ಆ ದೊಡ್ಡ ಪದಗಳ ಪಟ್ಟಿಗಿಂತ ಇದು ಮುಖ್ಯ ಅಂತ ಯಾಕೆ ಹೇಳುತ್ತೇನೆ ಗೊತ್ತಾ? ಯಾವ ಇಂಗ್ಲಿಷ್ ಬರಹ ತೆಗೆದುಕೊಂಡರೂ, ತೀರಾ ಸಾಮಾನ್ಯವಾದ ನೂರು ಪದಗಳೇ ಹೆಚ್ಚೂಕಡಿಮೆ ಅರ್ಧ ಪುಟ ತುಂಬುತ್ತವೆ. 'ಯುಬಿಕ್ವಿಟಸ್' ವರ್ಷಕ್ಕೆ ಒಂದು ಸಲ ಬೇಕಾದೀತು. 'ಟೇಕ್' ದಿನಾ ಬೇಕು. 'ಟೇಕ್ ಕೇರ್' ಅಂದರೆ ಹೋಗಿಬಾ ಅನ್ನುವ ಮಾತು. ಅದಕ್ಕೆ 'ಆಫ್' ಸೇರಿದರೆ ಅಜ್ಜಿಯನ್ನು ನೋಡಿಕೊಳ್ಳುವುದು. ಆಫೀಸಿನಲ್ಲಿ ಬಿಲ್ಲಿನ ಬಗ್ಗೆ ಅದನ್ನೇ ಅಂದರೆ 'ಆ ಕೆಲಸ ನಾನು ಮುಗಿಸುತ್ತೇನೆ' ಅಂತ. 'ಟೇಕ್ ಪ್ಲೇಸ್' ಅಂದರೆ ನಡೆಯುವುದು, ನಡುವೆ 'ಯುವರ್' ಬಂದರೆ ಜಾಗದಲ್ಲಿ ಕೂರುವುದು. ಒಂದು ಸಣ್ಣ ಪದ ನಡುವೆ ನುಸುಳಿದರೆ ಸಭೆ ಹೋಗಿ ಕುರ್ಚಿ ಆಗುತ್ತದೆ.

ಈಗ ಮಾಡಬೇಕಾದದ್ದು ಹೇಳುತ್ತೇನೆ. ಒಂದು ಉದ್ದ ನೋಟ್‌ಬುಕ್ ತೆಗೆದುಕೋ. ಒಂದು ಪುಟಕ್ಕೆ ಒಂದೇ ಪದ. ಅರ್ಥ ಬರೆಯಬೇಡ, ಸಿಕ್ಕಿದ ವಾಕ್ಯವನ್ನೇ ಬರೆ, ಎಲ್ಲಿ ಸಿಕ್ಕಿತು ಅಂತಲೂ ಬರೆ. 'ಲಾಸ್' ಅಂತ ಒಂದು ಪುಟ ಮಾಡಿದೆ ಅಂದುಕೋ. ಪೇಪರಿನ ಕೃಷಿ ಪುಟದಲ್ಲಿ 'ಕ್ರಾಪ್ ಲಾಸ್' ಸಿಗುತ್ತದೆ. ವ್ಯಾಪಾರದ ಪುಟದಲ್ಲಿ ಕಂಪನಿ 'ಲಾಸ್' ಅನ್ನು 'ಸಫರ್' ಮಾಡುತ್ತದೆ, 'ಮೇಕ್' ಕೂಡ ಮಾಡುತ್ತದೆ. ಅಪಘಾತದ ಸುದ್ದಿಯಲ್ಲಿ 'ಲಾಸ್ ಆಫ್ ಲೈಫ್'. ಜಿಮ್ಮಿನ ಬೋರ್ಡಿನಲ್ಲಿ 'ವೇಟ್ ಲಾಸ್', ಅಲ್ಲಿ ಅದು ಒಳ್ಳೆಯ ಸುದ್ದಿ. ಮಾತು ಹೊರಡದೆ ನಿಂತವರು 'ಅಟ್ ಎ ಲಾಸ್'. ಸಾವಿನ ಮನೆಯಲ್ಲಿ 'ಸಾರಿ ಫಾರ್ ಯುವರ್ ಲಾಸ್'. ಆ ಮಾತನ್ನು ಬೆಲೆ ಕುಸಿದು ಕಂಗಾಲಾದ ಬೆಳೆಗಾರನಿಗೆ ಹೇಳಿದರೆ ಅವನ ಮನೆಯವರು ಯಾರೋ ತೀರಿಕೊಂಡರು ಅನ್ನುವ ಹಾಗೆ ಕೇಳುತ್ತದೆ. ಈ ಒಂದು ಪುಟ ತುಂಬಿದರೆ 'ನಷ್ಟ' ಅಂತ ಒಂದೇ ಅರ್ಥ ಕಲಿತವರಿಗಿಂತ ನೀನು ಎಷ್ಟೋ ಮುಂದೆ ಇರುತ್ತೀಯ. ಓದುವುದನ್ನು ಒಂದೇ ಕಡೆಗೆ ನಿಲ್ಲಿಸಬೇಡ. ಬರೀ ಪೇಪರ್ ಓದಿದರೆ ಪೇಪರಿನ ಜೋಡಿಗಳೇ ಬರುತ್ತವೆ. ಕಥೆ ಓದು, ಅಡುಗೆ ಪುಸ್ತಕ ಓದು, ಔಷಧಿ ಜೊತೆ ಬರುವ ಚೀಟಿ ಓದು, ಕ್ರಿಕೆಟ್ ಕಾಮೆಂಟರಿ ಕೇಳು.

ಇನ್ನೊಂದು ಮಾತು, ಇದರಲ್ಲಿ ನಾಚಿಕೆ ಬೇಡ. ನಾವು ಪರೀಕ್ಷೆ ಬರೆಯುತ್ತೇವೆ, ಹಾಗಾಗಿ 'ರೈಟ್ ಎಕ್ಸಾಮ್' ಅನ್ನುತ್ತೇವೆ. ಉತ್ತರದವರು ಪರೀಕ್ಷೆ ಕೊಡುತ್ತಾರೆ, ಹಾಗಾಗಿ 'ಗಿವ್ ಎಕ್ಸಾಮ್' ಅನ್ನುತ್ತಾರೆ. ಬೇರೆ ದೇಶದಲ್ಲಿ ಹೆಚ್ಚಾಗಿ 'ಟೇಕ್'. 'ಡು ದ ನೀಡ್‌ಫುಲ್' ನಮ್ಮ ಆಫೀಸುಗಳಲ್ಲಿ ಇವತ್ತಿಗೂ ಬದುಕಿದೆ. ನಮ್ಮವರ ನಡುವೆ ಇವು ನಡೆಯುತ್ತವೆ, ನಡೆಯಲಿ. ರಫ್ತು ಕಂಪನಿಯ ಪತ್ರ ಜರ್ಮನಿಗೋ ಇಟಲಿಗೋ ಹೋಗುತ್ತದೆ, ಅಲ್ಲಿ ಓದುವವರಿಗೆ ಯಾವ ಜೋಡಿ ಪರಿಚಯ ಅಂತ ನೋಡಿ ಬರೆ. ನಿರ್ಧಾರಕ್ಕೆ 'ಟೇಕ್' ಸರಿಯೋ 'ಮೇಕ್' ಸರಿಯೋ ಅಂತ ಕೇಳಿದ್ದೆಯಲ್ಲ, ಎರಡೂ ಸರಿ. 'ಟೇಕ್' ಬ್ರಿಟಿಷರಲ್ಲೂ ನಮ್ಮಲ್ಲೂ ಇದೆ. ಅಮೆರಿಕದವರು 'ಮೇಕ್' ಅನ್ನುತ್ತಾರೆ, ಎಲ್ಲ ಕಡೆಯೂ ಅದು ಹೆಚ್ಚು ಸಲೀಸು.

ಅರ್ಜಿಯಲ್ಲಿ ಇನ್ನು ಮೂರು ಕಡೆ ಪೆನ್ಸಿಲ್ ಗುರುತು ಹಾಕಿದ್ದೇನೆ. ಅನುಭವಕ್ಕೆ 'ಲರ್ನ್' ಹಾಕಿದ್ದೀಯ, 'ಗೇನ್' ಹಾಕು. 'ಹೈ ನಾಲೆಜ್' ತೆಗೆದು 'ಗುಡ್ ನಾಲೆಜ್' ಅನ್ನು, ಇಂಗ್ಲಿಷಿನಲ್ಲಿ ಜ್ಞಾನ ಎತ್ತರ ಇರುವುದಿಲ್ಲ. ಕೊನೆಯ ಪ್ಯಾರಾದಲ್ಲಿ 'ಸೇ ದ ಟ್ರೂತ್' ಇದೆ, ಅದು 'ಟೆಲ್' ಆಗಬೇಕು. ತೋಟದಲ್ಲಿ ಅಪ್ಪನ ಜೊತೆ ಕಾಫಿ ಒಣಗಿಸಿ, ಗ್ರೇಡ್ ಮಾಡಿ ಅಭ್ಯಾಸ ಇದೆ ಅಂತ ಒಂದು ಸಾಲು ಸೇರಿಸು, ಅದನ್ನು ಬಿಟ್ಟೇಬಿಟ್ಟಿದ್ದೀಯ. ಕೊನೇ ದಿನ ಸೋಮವಾರ ಅಂದಿದ್ದೆ. ಶನಿವಾರ ಸಂಜೆಯೊಳಗೆ ತಿದ್ದಿ ಮತ್ತೆ ಕಳಿಸು, ಭಾನುವಾರ ಬೆಳಿಗ್ಗೆ ನೋಡಿ ಹೇಳುತ್ತೇನೆ.

ನಿನ್ನ ದೊಡ್ಡಮ್ಮ