ಕತ್ತಿ ಹಿಡಿದವರಷ್ಟೇ ಸಾಕೇ?

ಮಾನ್ಯ ಸಂಪಾದಕರೇ,

ಮಗಳಿಗೆ ಪುಸ್ತಕ ತರಲು ಕಳೆದ ವಾರ ನಮ್ಮೂರಿನ ಗ್ರಂಥಾಲಯಕ್ಕೆ ಹೋಗಿದ್ದೆ. ‘ಸಾಧಕಿಯರು’ ಎಂದು ಬರೆದ ಕಪಾಟಿನಲ್ಲಿ ಇದ್ದದ್ದು ಅಬ್ಬಕ್ಕ, ಓಬವ್ವ, ಕಿತ್ತೂರು ಚೆನ್ನಮ್ಮ. ಎಲ್ಲವೂ ತೆಳ್ಳಗಿನ ಪುಸ್ತಕಗಳು, ಮುಖಪುಟದಲ್ಲಿ ಕುದುರೆ ಇಲ್ಲವೇ ಒನಕೆ. 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಚೆನ್ನಮ್ಮನ ಕಥೆ ಮಕ್ಕಳಿಗೆ ಬೇಕೇ ಬೇಕು. ಆದರೆ ಧೈರ್ಯ ಎಂದರೆ ಯುದ್ಧ ಮಾತ್ರ ಅಲ್ಲ, ಅಲ್ವಾ?

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕೇಳಿದೆ. ಕಾದಂಬರಿ ವಿಭಾಗದಲ್ಲಿ ನೋಡಿ ಎಂದರು. ಅಲ್ಲೂ ಇರಲಿಲ್ಲ! ನಿಜವಾಗಿ ಬದುಕಿದ್ದ ಮಲೆನಾಡಿನ ಹೆಂಗಸೊಬ್ಬಳ ಕಥೆ ಅದು. ಬಾಲ್ಯದಲ್ಲೇ ವಿಧವೆಯಾಗಿ, ಕೇಶಮುಂಡನ ಮಾಡಿಸಿಕೊಂಡು, ಮಡಿಯಲ್ಲೇ ಮುದುಕಿಯಾದವಳು. ಅಂಥವಳೇ ಮುಂದೆ, ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಿಣಿಯ ಪರ ಮಾತಾಡುತ್ತಾಳೆ. ನನ್ನ ಅಜ್ಜಿ ಅದನ್ನು ಓದಿ ಎರಡು ದಿನ ಸುಮ್ಮನೆ ಕೂತಿದ್ದರು.

ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುತ್ತಲೇ ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮನ ಬಗ್ಗೆಯೂ ಮಕ್ಕಳಿಗೆ ಒಂದು ಪುಸ್ತಕ ಕಾಣಲಿಲ್ಲ. ಪ್ರಕಾಶಕರು ಇಂಥವರ ಕಥೆಗಳನ್ನೂ ಸರಳವಾಗಿ ಬರೆಸಲಿ. ಗ್ರಂಥಾಲಯದವರು ‘ಫಣಿಯಮ್ಮ’ನ ಒಂದೆರಡು ಪ್ರತಿ ತರಿಸಲಿ. ಓದಲು ನಾವು ತಯಾರಿದ್ದೇವೆ.

– ಓದುಗಳು, ಶಿವಮೊಗ್ಗ