ಒಂದೇ ತಟ್ಟೆಯ ಊಟ: ವಾಷಿಂಗ್ಟನ್ನಿನಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ಉಭಯ ಕುಶಲೋಪರಿ. ಕಳೆದ ಶುಕ್ರವಾರ ಸಂಜೆ ಆಫೀಸಿನ ಮೂವರು ಗೆಳೆಯರೊಡನೆ ಸಿಲ್ವರ್ ಸ್ಪ್ರಿಂಗ್‌ನ ಒಂದು ಇಥಿಯೋಪಿಯನ್ ಹೋಟೆಲಿಗೆ ಹೋಗಿದ್ದೆ. ವಾಷಿಂಗ್ಟನ್ನಿಗೆ ತಾಗಿಕೊಂಡೇ ಇರುವ ಈ ಊರಿನಲ್ಲಿ ಅಮ್ಹಾರಿಕ್ ಲಿಪಿಯ ಬೋರ್ಡುಗಳು ದಿನವೂ ಕಣ್ಣಿಗೆ ಬೀಳುತ್ತವೆ. 1974ರಲ್ಲಿ ಸೈನ್ಯವು ಚಕ್ರವರ್ತಿ ಹೈಲೆ ಸೆಲಾಸಿಯವರನ್ನು ಪದಚ್ಯುತಗೊಳಿಸಿದ ಮೇಲೆ ದೇಶ ತೊರೆದವರಲ್ಲಿ ಬಹಳಷ್ಟು ಮಂದಿ ಈ ರಾಜಧಾನಿಯ ಸುತ್ತ ನೆಲೆಸಿದರು. ಅವರ ಹೋಟೆಲುಗಳು ಮೊದಲು ಆಡಮ್ಸ್ ಮಾರ್ಗನ್ ಬಡಾವಣೆಯಲ್ಲಿ, ಆಮೇಲೆ ಯು ಸ್ಟ್ರೀಟಿನ ಆಸುಪಾಸಿನಲ್ಲಿ ಹುಟ್ಟಿಕೊಂಡು, ಈಗ ಹೊರವಲಯದ ಊರುಗಳಿಗೂ ಹರಡಿವೆ.

ಶುಕ್ರವಾರವನ್ನು ಆರಿಸಿದವರು ಅಡಿಸ್ ಅಬಾಬಾದಲ್ಲಿ ಹುಟ್ಟಿ ಬೆಳೆದ ನಮ್ಮ ಸಹೋದ್ಯೋಗಿ. ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳೆಂಬುದು ಆಕೆಗೆ ಗೊತ್ತಿತ್ತು. ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ ಮತ್ತು ಶುಕ್ರವಾರ ಉಪವಾಸದ ದಿನಗಳು. ಈಸ್ಟರ್ ಹಬ್ಬಕ್ಕೆ ಮುಂಚೆ ಸುಮಾರು 55 ದಿನಗಳ ದೊಡ್ಡ ಉಪವಾಸ ಬೇರೆ. ಆ ದಿನಗಳಲ್ಲಿ ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಬೆಣ್ಣೆ, ತುಪ್ಪ ಕೂಡ ನಿಷಿದ್ಧ. ಹೀಗಾಗಿ ಬೇಳೆ, ಕಾಳು, ಸೊಪ್ಪು, ತರಕಾರಿಗಳಿಂದಲೇ ತುಂಬು ಊಟವೊಂದನ್ನು ಕಟ್ಟುವ ಕಲೆ ಅಲ್ಲಿ ಶತಮಾನಗಳಿಂದ ಬೆಳೆದುಬಂದಿದೆ. ಬೇರೆ ಕಡೆ ಸಸ್ಯಾಹಾರಿ ಎಂದೊಡನೆ ಮಾಂಸದ ಅಡುಗೆಯಿಂದ ಮಾಂಸ ತೆಗೆದು ಉಳಿದದ್ದನ್ನು ಮುಂದಿಡುತ್ತಾರಲ್ಲ, ಇದು ಅಂಥದ್ದಲ್ಲ. ಯಾರ ಮುಲಾಜೂ ಇಲ್ಲದೆ ಕೇಳಿ ಪಡೆಯಬಹುದಾದ ಊಟ. ‘ಯೆತ್ಸೋಮ್ ಬೆಯಾಯ್ನೆತು’ ಎಂದು ಕೇಳಿದರೆ ಉಪವಾಸದ ಪದಾರ್ಥಗಳೆಲ್ಲವೂ ಒಂದೇ ದೊಡ್ಡ ತಟ್ಟೆಯಲ್ಲಿ ಬರುತ್ತವೆ.

ತೊಡಕು ಹುಟ್ಟಿದ್ದು ಆ ಒಂದೇ ತಟ್ಟೆಯಲ್ಲಿ. ನಾಲ್ವರ ನಡುವೆ ಅಗಲವಾದ ಹರಿವಾಣದಂಥ ತಟ್ಟೆಯನ್ನಿಟ್ಟು, ಎಲ್ಲರೂ ಅದರಲ್ಲೇ ಕೈಯಾಡಿಸಬೇಕೆಂದಾಗ ಮೈಸೂರಿನ ನಮ್ಮ ಗೆಳೆಯನ ಮುಖ ಸಣ್ಣದಾಯಿತು. ಎಂಜಲು, ಮುಸುರೆಗಳ ಲೆಕ್ಕಾಚಾರದ ಮನೆಯಲ್ಲಿ ಬೆಳೆದವನು. ನೀರನ್ನೂ ಎತ್ತಿ ಕುಡಿಯುವವನು. ತನಗೊಂದು ಬೇರೆ ತಟ್ಟೆ ಬೇಕೆಂದು ಮೆಲ್ಲಗೆ ಕೇಳಿದ. ಬಡಿಸುವಾಕೆ ಬೇಸರಿಸದೆ ತಂದುಕೊಟ್ಟರು.

ತಟ್ಟೆಯ ತುಂಬ ಹಾಸಿದ್ದು ಇಂಜೆರಾ. ಅದನ್ನು ಟೆಫ್ ಎಂಬ, ಗಸಗಸೆಗಿಂತ ಹೆಚ್ಚೇನೂ ದೊಡ್ಡದಲ್ಲದ ಧಾನ್ಯದ ಹಿಟ್ಟಿನಿಂದ ಮಾಡುತ್ತಾರೆ. ಹಿಂದಿನ ಹಿಟ್ಟಿನ ಮೇಲೆ ನಿಂತ ಹುಳಿನೀರನ್ನು ಹೊಸ ಹಿಟ್ಟಿಗೆ ಬೆರೆಸಿ ಎರಡು ಮೂರು ದಿನ ಹುದುಗಿಸುತ್ತಾರೆ. ದೋಸೆಯಂತೆ ನಡುವೆ ಹೊಯ್ದು ಸೌಟಿನಿಂದ ಹರಡುವುದಿಲ್ಲ. ಅಂಚಿನಿಂದ ಸುತ್ತು ಸುತ್ತಾಗಿ ಒಳಕ್ಕೆ ಹೊಯ್ಯುತ್ತಾ ಬಂದು ಮುಚ್ಚಳ ಮುಚ್ಚುತ್ತಾರೆ. ಮಗುಚುವುದೂ ಇಲ್ಲ. ತಳ ನುಣುಪಾಗಿ, ಮೇಲ್ಭಾಗವೆಲ್ಲ ಸಣ್ಣ ಸಣ್ಣ ಕಣ್ಣುಗಳಾಗಿ ಏಳುತ್ತದೆ, ಪದಾರ್ಥದ ರಸವನ್ನು ಹೀರಿಕೊಳ್ಳುವುದು ಆ ಕಣ್ಣುಗಳೇ. ಹುಳಿ ಮಾತ್ರ ಜೋರು. ಮೊದಲ ತುತ್ತಿಗೆ ನನಗೂ ಹಿಡಿಸಲಿಲ್ಲ. ಖಾರದ ಜೊತೆ ಸೇರಿದಾಗಲೇ ಆ ಹುಳಿಗೆ ಅರ್ಥ ಬರುವುದು.

ಖಾರವೆಂದರೆ ಬೆರ್ಬೆರೆ: ಒಣಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಮೆಂತ್ಯ, ಕೊತ್ತಂಬರಿ ಬೀಜ, ಅಲ್ಲಿಯದೇ ಜಾತಿಯ ದಪ್ಪ ಏಲಕ್ಕಿ ಮುಂತಾದವು ಬಿದ್ದ ಕೆಂಪು ಪುಡಿ. ಮಸೂರ್ ಬೇಳೆಯ ‘ಮಿಸಿರ್ ವೊಟ್’ನ ರುಚಿಯ ಗುಟ್ಟು ಈರುಳ್ಳಿಯಲ್ಲಿದೆ. ಸಣ್ಣಗೆ ಹೆಚ್ಚಿದ ರಾಶಿ ಈರುಳ್ಳಿಯನ್ನು ಎಣ್ಣೆಯ ಸೋಂಕಿಲ್ಲದೆ ಬರಿಯ ಪಾತ್ರೆಯಲ್ಲಿ ಬಹಳ ಹೊತ್ತು ಕೈಯಾಡಿಸಿ, ಅದು ಕರಗಿ ಮುದ್ದೆಯಾದ ಮೇಲೆ ಎಣ್ಣೆ, ಬೆರ್ಬೆರೆ ಹಾಕುತ್ತಾರೆ. ನಮ್ಮ ಒಗ್ಗರಣೆಯ ಕ್ರಮಕ್ಕೆ ಇದು ಪೂರ್ತಿ ತಿರುಗುಮುರುಗು. ಅರಿಸಿನ ಹಾಕಿದ ಬಟಾಣಿ ಬೇಳೆ ಸಪ್ಪೆಯೆನಿಸಿತು, ಬೇಯಿಸಿದ ಸೊಪ್ಪು ಪರವಾಗಿಲ್ಲ. ಆದರೆ ಶಿರೋ! ಕಡಲೆ ಹಿಟ್ಟಿಗೆ ಮಸಾಲೆ ಕೂಡಿಸಿ ಕುದಿಸಿದ ಅದು ಮಣ್ಣಿನ ಕುಡಿಕೆಯಲ್ಲಿ ಕೊತಕೊತನೆ ಕುದಿಯುತ್ತಲೇ ಮೇಜಿಗೆ ಬಂತು. ಜುಣಕ ತಿಂದು ಬೆಳೆದ ಧಾರವಾಡದವನಾದ ನನಗೆ ಅದರ ಪರಿಚಯ ಮಾಡಿಕೊಡಬೇಕಾದ ಅಗತ್ಯವೇ ಬೀಳಲಿಲ್ಲ.

ಉಪವಾಸದ ಅಡುಗೆಗೆ ಅವರ ಊರಿನಲ್ಲಿ ಹಿಂದಿನಿಂದಲೂ ಬಳಸುತ್ತಿದ್ದ ಎಣ್ಣೆ ಯಾವುದೆಂದು ಕೇಳಿದೆ. ಸಹೋದ್ಯೋಗಿ ಫೋನಿನಲ್ಲಿ ಕಾಳಿನ ಚಿತ್ರ ತೋರಿಸಿದರು: ನಮ್ಮ ಗುರೆಳ್ಳು, ಮೈಸೂರಿನವರ ಹುಚ್ಚೆಳ್ಳು! ಅದರ ಮೂಲ ಇಥಿಯೋಪಿಯವೇ. ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಿಂದಲೇ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದದ್ದು. ಇದನ್ನು ಕೇಳಿದ ಮೈಸೂರಿನವನು, ಮುದ್ದೆಯನ್ನು ಬಿಟ್ಟುಕೊಡಲಾರೆನೆಂದು ಸ್ವಲ್ಪ ಹೊತ್ತು ವಾದಿಸಿದ.

ಅಷ್ಟರಲ್ಲಿ ಆಕೆ ಇಂಜೆರಾದ ತುಂಡಿನಲ್ಲಿ ಶಿರೋ ಸುತ್ತಿ ಅವನ ಬಾಯಿಯ ಬಳಿ ಹಿಡಿದರು. ಇದು ಗುರ್ಶಾ, ಜೊತೆಗೆ ಉಣ್ಣುವವರಿಗೆ ಕೈಯಾರೆ ತುತ್ತಿಡುವ ಅವರ ಆದರದ ಪದ್ಧತಿ. ಬೇಡವೆನ್ನುವುದು ಒರಟುತನವಾಗುತ್ತದೆ, ಒಂದಕ್ಕೇ ನಿಲ್ಲಿಸುವಂತೆಯೂ ಇಲ್ಲ. ಅವನು ಕಣ್ಣು ಮುಚ್ಚಿ ಎರಡು ತುತ್ತನ್ನೂ ನುಂಗಿದ. ಆಮೇಲೂ ತನ್ನ ತಟ್ಟೆಯನ್ನು ಬಿಡಲಿಲ್ಲವೆನ್ನು. ಆದರೆ ಕೊನೆಗೆ ಎಲ್ಲ ರಸಗಳನ್ನೂ ಹೀರಿ ನೆನೆದ ತಳದ ಇಂಜೆರಾವನ್ನು ನಾವು ಹಂಚಿಕೊಳ್ಳುವಾಗ, ಯಾರೂ ಕೈ ಹಾಕಿರದ ಒಂದು ಅಂಚನ್ನು ಹುಡುಕಿ ತಾನೂ ಹರಿದುಕೊಂಡ. ನನ್ನ ಮಟ್ಟಿಗೆ ಇಡೀ ಊಟದಲ್ಲಿ ಅತ್ಯಂತ ರುಚಿಯಾದದ್ದು ಆ ತಳವೇ.

ಕಾಫಿಯ ಮಾತು ಉಳಿದಿದೆ. ಅರೇಬಿಕಾ ಕಾಫಿಯ ತವರು ಇಥಿಯೋಪಿಯದ ನೈರುತ್ಯದ ಕಾಡುಗಳು. ಅಲ್ಲಿಂದ ಯೆಮನ್, ಯೆಮನ್ನಿನಿಂದ ಬಾಬಾ ಬುಡನ್‌ರ ಮೂಲಕ ನಮ್ಮ ಚಿಕ್ಕಮಗಳೂರು ಎಂದು ಪ್ರತೀತಿ. ಹಸಿ ಬೀಜವನ್ನು ಆಗಲೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಪ್ರತಿಯೊಬ್ಬರ ಮುಂದೆ ಹಿಡಿದು, ಪರಿಮಳ ತೆಗೆದುಕೊಂಡ ಮೇಲಷ್ಟೇ ಪುಡಿ ಮಾಡಿ ‘ಜೆಬೆನಾ’ ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲಿ ಮೂರು ಸುತ್ತು ಕೊಡುವುದು ಸಂಪ್ರದಾಯ, ಸುತ್ತಿನಿಂದ ಸುತ್ತಿಗೆ ಡಿಕಾಕ್ಷನ್ ತೆಳುವಾಗುತ್ತದೆ. ಹಾಲನ್ನು ನಿರೀಕ್ಷಿಸಬೇಡ.

ನೀನು ಈ ಕಡೆ ಬಂದಾಗ ಬುಧವಾರವೋ ಶುಕ್ರವಾರವೋ ಬಿಡುವು ಇಟ್ಟುಕೊ. ಇಂಜೆರಾ ಹೊಟ್ಟೆ ತುಂಬಿಸುವ ಪದಾರ್ಥ, ಸಂಜೆಯ ತಿಂಡಿ ಬೇಡ. ಟೆಫ್ ದುಬಾರಿಯಾದ್ದರಿಂದ ಇಲ್ಲಿ ಅನೇಕರು ಗೋಧಿ, ಬಾರ್ಲಿ ಹಿಟ್ಟನ್ನು ಬೆರೆಸುತ್ತಾರೆ. ಕಂದು ಬಣ್ಣದ, ಬರಿಯ ಟೆಫ್‌ನದೇ ಬೇಕೆಂದು ಮೊದಲೇ ಹೇಳಿಡೋಣ. ಕಾಫಿಗೂ ಊಟದ ನಡುವೆಯೇ ಹೇಳಬೇಕು, ಅದು ಆಗಿ ಬರಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ತಟ್ಟೆ ಒಂದು ಸಾಕೋ ಎರಡು ಬೇಕೋ ಎಂಬುದನ್ನು ಮಾತ್ರ ಬರುವ ಮುಂಚೆ ತಿಳಿಸು.

ಮನೆಯಲ್ಲಿ ಹಿರಿಯರಿಗೆ ನನ್ನ ನಮಸ್ಕಾರಗಳು.

ಇಂತಿ ನಿನ್ನ
ಗೆಳೆಯ