ತೋಡಿನ ಯಾವ ದಡ?

ಪೆರ್ಲ

ಚಿ. ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಅಡಕೆ ಸುಲಿಯುವ ಯಂತ್ರದ ಪೇಟೆಂಟ್ ಅರ್ಜಿ ತಿರಸ್ಕಾರವಾಯಿತೆಂದು ಅಕ್ಕ ಫೋನಿನಲ್ಲಿ ಹೇಳಿದಳು. ನೀನು ಕಳಿಸಿದ ಆದೇಶ ಎರಡು ಸಲ ಓದಿದೆ. ‘ಚೆನ್ನಾಗಿ ಒಣಗಿದ ಅಡಕೆ’, ‘ಹದವಾದ ಒತ್ತಡ’ ಎಂಬ ಮಾತುಗಳು ಅಸ್ಪಷ್ಟ ಎಂದಿದ್ದಾರೆ. ನಿನಗೆ ಸಿಟ್ಟು ಬಂದದ್ದು ಸಹಜ. ಅಂಗಳದಿಂದ ಒಂದು ಅಡಕೆ ಹೆಕ್ಕಿ ಕಿವಿಯ ಹತ್ತಿರ ಅಲುಗಿಸಿದರೆ ನಮಗೆ ಒಣಗಿದ್ದು ಗೊತ್ತಾಗುತ್ತದೆ.

ಆದರೆ ನಾನು 30 ವರ್ಷ ಜಾಗದ ಆಧಾರ, ಅಂದರೆ ಕ್ರಯಪತ್ರ, ಬರೆದವನು. ಒಮ್ಮೆ ಒಂದು ತೋಟದ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ‘ಪಡುವಲು: ತೋಡು’ ಎಂದಷ್ಟೇ ಬರೆದೆ. ಈಚೆ ದಡವೋ ಆಚೆ ದಡವೋ ಬರೆಯಲಿಲ್ಲ. ಕೊಟ್ಟವನಿಗೂ ಕೊಂಡವನಿಗೂ ಗೊತ್ತಿತ್ತಲ್ಲ. ಅವರ ಮಕ್ಕಳು 11 ವರ್ಷ ಕೋರ್ಟಿಗೆ ಅಲೆದರು. ಆ ಸಂಕಟ ನನಗೆ ಇಂದಿಗೂ ಇದೆ. ಅರ್ಜಿಯಲ್ಲಿ ‘ಇಷ್ಟು ನನ್ನ ಹಕ್ಕು’ ಎಂದು ಹೇಳುವ ಕ್ಲೈಮ್ ಎಂದರೆ ನಿನ್ನ ಆವಿಷ್ಕಾರದ ಚೆಕ್ಕುಬಂದಿ. ಅದು ಸ್ಪಷ್ಟವಾಗಿರಬೇಕು, ಚುಟುಕಾಗಿರಬೇಕು ಎಂದು 1970ರ ಪೇಟೆಂಟ್ ಕಾಯ್ದೆಯ 10ನೇ ಸೆಕ್ಷನ್ ಹೇಳುವುದು ಬೇಲಿಯಾಚೆ ನಿಂತವನಿಗಾಗಿ.

ಮೇಲ್ಮನವಿಗೆ ಮೂರು ತಿಂಗಳ ಅವಧಿ ಇದೆ. ಅದಕ್ಕಿದ್ದ ಮಂಡಳಿ 2021ರಲ್ಲಿ ರದ್ದಾಯಿತು. ಚೆನ್ನೈ ಪೇಟೆಂಟ್ ಕಚೇರಿಯ ಆದೇಶವಾದ್ದರಿಂದ ಈಗ ಮದ್ರಾಸ್ ಹೈಕೋರ್ಟಿಗೇ ಹೋಗಬೇಕು.

ಅಮೆರಿಕದಲ್ಲಿ ಇಂಥದೇ ಒಂದು ವ್ಯಾಜ್ಯ ನಡೆದಿತ್ತು. ವ್ಯಾಯಾಮ ಮಾಡುವಾಗ ಹೃದಯ ಬಡಿತ ಅಳೆಯುವ ಸಾಧನ. ಅದರ ಎಲೆಕ್ಟ್ರೋಡುಗಳು ‘ಅಂತರದಲ್ಲಿ’ ಇವೆ ಎಂದು ಬರೆದಿದ್ದರು, ಎಷ್ಟು ಅಂತರ ಎಂದಿರಲಿಲ್ಲ. ಆ ಕೆಲಸ ಬಲ್ಲವರಿಗೆ ಎಲ್ಲೆ ತಕ್ಕಷ್ಟು ಖಚಿತವಾಗಿ ತಿಳಿಯಬೇಕು ಎಂದು 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿ, ಪ್ರಕರಣವನ್ನು ಹಿಂದಕ್ಕೆ ಕಳಿಸಿತು. ಮರುವರ್ಷ ಕೆಳಗಿನ ಮೇಲ್ಮನವಿ ಕೋರ್ಟ್ ಆ ಕ್ಲೈಮನ್ನು ಉಳಿಸಿತು. ಒಂದು ಕೈಯ ಅಗಲಕ್ಕಿಂತ ಹೆಚ್ಚು ಅಂತರ ಇರಲಾರದು ಎಂಬುದು ಪೇಟೆಂಟಿನ ಕಾಗದದಿಂದಲೇ ತಿಳಿಯುತ್ತಿತ್ತು.

ಹಾಗಾಗಿ ವಕೀಲರಿಗೆ ಹಣ ಕೊಡುವ ಮೊದಲು ನೀನು ಸಲ್ಲಿಸಿದ ವಿವರಣೆಯನ್ನು ಬಿಡಿಸಿ ನೋಡು. ತೇವಾಂಶ ಶೇಕಡಾ ಎಷ್ಟು, ರೋಲರುಗಳ ನಡುವಿನ ಸಂದು ಎಷ್ಟು ಮಿಲಿಮೀಟರ್ ಎಂದು ಎಲ್ಲಾದರೂ ಬರೆದಿದ್ದೀಯಾ? ಇದ್ದರೆ ಧೈರ್ಯವಾಗಿ ಹೋಗು. ಆ ಅಳತೆಯನ್ನು ಕ್ಲೈಮಿಗೆ ತಂದು ಬಿಗಿ ಮಾಡಲು ಕೇಳಬಹುದು. ಇಲ್ಲದ್ದನ್ನು ಈಗ ಸೇರಿಸಲು 59ನೇ ಸೆಕ್ಷನ್ ಬಿಡುವುದಿಲ್ಲ. ಅರ್ಜಿ ಪ್ರಕಟವಾಗಿರುವುದರಿಂದ, ಅದೇ ಯಂತ್ರಕ್ಕೆ ಮತ್ತೊಮ್ಮೆ ಅರ್ಜಿ ಹಾಕಿದರೆ ನಿನ್ನದೇ ಹಳೆಯ ಕಾಗದ ಅಡ್ಡ ಬರುತ್ತದೆ. ಅಳತೆ ಎಲ್ಲೂ ಬರೆದಿಲ್ಲವಾದರೆ ಸಿಟ್ಟಿನಲ್ಲಿ ಹೈಕೋರ್ಟಿಗೆ ಹೋಗಬೇಡ, ಮಗಾ. ಆ ಹಣವನ್ನು ಯಂತ್ರದ ಮುಂದಿನ ಸುಧಾರಣೆಗೆ ಹಾಕು. ಈ ಸಲ ಮೊದಲ ದಿನದಿಂದಲೇ ಅಳತೆ ಬರೆದಿಡು.

ಆದೇಶದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡು. ಭಾನುವಾರ ವಿವರಣೆಯ ಪ್ರತಿ ಹಿಡಿದುಕೊಂಡು ಬಾ, ಇಬ್ಬರೂ ಕೂತು ಒಂದೊಂದೇ ಸಾಲು ಓದುವ. ಊಟ ಇಲ್ಲೇ ಎಂದು ಅಕ್ಕನಿಗೆ ಹೇಳು.

ನಿನ್ನ ಮಾವ